ಭಾನುವಾರ ಅಳೆದದ್ದು

ಹಿತ್ತಲ ಕಡೆ ಚಿಲಕವೊಂದು ಟಕ್ಕೆಂದಿತು. ಭಾನುವಾರ ರಾತ್ರಿ, ಸಂಜೆಯ ಪ್ರಾರ್ಥನೆ ಮುಗಿಸಿ ಬಂದು ಊರೆಲ್ಲ ಮಲಗಿದ್ದ ಹೊತ್ತು. ನಮ್ಮ ದ್ವೀಪದ ಊರಾದ ನೇಯಾಫುವಿನಲ್ಲಿ ಭಾನುವಾರ ಯಾರೂ ಕೆಲಸಕ್ಕೆ ಕೈ ಹಾಕುವುದಿಲ್ಲ, ಬೆಸ್ತರು ಕೂಡ ಬಲೆ ಮುಟ್ಟುವುದಿಲ್ಲ. ಆದರೆ ಆ ಸದ್ದು ನಮ್ಮ ಮನೆಯ ಬೇಲಿಗೆ ಅಂಟಿಕೊಂಡಿರುವ ಇಂಟರ್ನೆಟ್ ಕಚೇರಿಯ ಹಿಂಬಾಗಿಲಿನದೇ. ದಿನವೂ ಅದನ್ನು ತೆಗೆದು ಹಾಕುವವಳು ನಾನು. ನನ್ನ ಕಿವಿ ತಪ್ಪುವುದಿಲ್ಲ.

ಎದ್ದು ಹೋಗಿ ನೋಡುವಷ್ಟು ಧೈರ್ಯ ನನಗಿಲ್ಲ. ಕಿಟಕಿಯ ಪರದೆಯನ್ನು ಒಂದಿಷ್ಟು ಸರಿಸಿದೆ. ಕಚೇರಿಯ ದೀಪ ಹತ್ತಿರಲಿಲ್ಲ. ಒಳಗೋಡೆಯ ಮೇಲೆ ಕಂಪ್ಯೂಟರಿನ ನೀಲಿ ಬೆಳಕು, ಅದರಲ್ಲಿ ಬಗ್ಗಿ ಕೂತ ಒಂದು ತಲೆ. ಕಲೊಲೈನೆ ಅಂದುಕೊಂಡೆ. ಆ ವಾರ ನಾನು ಯಾವ ಯೋಚನೆ ಶುರು ಮಾಡಿದರೂ ಅದು ಹೋಗಿ ನಿಲ್ಲುತ್ತಿದ್ದದ್ದು ಕಲೊಲೈನೆಯ ಹತ್ತಿರವೇ.

ಅವಳು ರಾಜಧಾನಿಯಿಂದ ನಮ್ಮ ಕಚೇರಿಗೆ ಕೆಲಸಕ್ಕೆ ಬಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಚರ್ಚಿನ ಹಾಡುಗಾರರ ಮುಂದಿನ ಸಾಲಿನಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಭಾನುವಾರ ನೆಲದೊಲೆಯಿಂದ ಕೆಸುವಿನೆಲೆಯಲ್ಲಿ ಮಾಂಸ ಸುತ್ತಿ ಬೇಯಿಸಿದ ಲೂ ತೆಗೆದಾಗ ಎಲೆ ಬಿರಿಯದ ಒಳ್ಳೆಯ ಪೊಟ್ಟಣವನ್ನು ನನ್ನ ಅಮ್ಮ ಅವಳಿಗೆಂದು ಬದಿಗಿಡುತ್ತಿದ್ದಳು. ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ದೋಣಿಯ ಕೀಲಿಯ ವಿಷಯ ಹಾಗಲ್ಲ.

ಸುತ್ತಲ ದ್ವೀಪಗಳ ಸಂಪರ್ಕವನ್ನೆಲ್ಲ ಇನ್ನು ಮುಂದೆ ಒಬ್ಬರಿಗೇ ವಹಿಸುತ್ತೇನೆ, ಸೋಮವಾರ ಹೆಸರು ಹೇಳಿ ದೋಣಿಯ ಕೀಲಿ ಕೊಡುತ್ತೇನೆ ಎಂದಿದ್ದರು ಕಚೇರಿಯ ಯಜಮಾನರು ಹಲಾಪುವಾ. ಆ ಕೀಲಿಗಾಗಿ ನಾನು ಕಾದಿದ್ದು ಕಲೊಲೈನೆ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ. ಹುಂಗಾ ದ್ವೀಪದ ಶಾಲೆಗೆ ರೇಡಿಯೊ ಸಂಪರ್ಕ ಕಟ್ಟಿದವಳೂ ನಾನೇ. ಕಟ್ಟಿದ ಮೇಲೆ ಅದರ ವೇಗವನ್ನು ಐಪರ್ಫ್ ಎಂಬ ತಂತ್ರಾಂಶದಿಂದ ಅಳೆದೆ. ಅದಕ್ಕೆ ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಬೇಕು. ಆ ತುದಿಯ ಯಂತ್ರ ಕಿವಿಗೊಟ್ಟು ಕೂತಿರುತ್ತದೆ, ಈ ತುದಿಯಿಂದ ಮಾಹಿತಿ ಸುರಿಯುತ್ತೇವೆ, ಸೆಕೆಂಡಿಗೆ ಎಷ್ಟು ಹಾದುಹೋಯಿತೆಂದು ಅಂಕಿಗಳು ಒಂದರ ಕೆಳಗೊಂದು ಇಳಿಯುತ್ತವೆ. ನನಗೆ ನಲವತ್ತು ಮೆಗಾಬಿಟ್ ಬಂದಿತ್ತು. ಮಾರನೆಯ ದಿನ ಕಲೊಲೈನೆ ಅಳೆದಳು. ತೊಂಬತ್ತನಾಲ್ಕು.

ಶುಕ್ರವಾರ ಯಜಮಾನರು ಎರಡೂ ಅಂಕಿಗಳನ್ನು ಎಲ್ಲರ ಮುಂದೆ ಓದಿದರು. ಕಂಬ ಹತ್ತುವ ಪೌಲಿಯಾಸಿಗೆ ಅಷ್ಟು ಸಾಕಾಯಿತು.

"ಲುಸಿಯಾನೆ ಅಳೆದ್ರೆ ಆ ರೇಡಿಯೊ ಮುದುರ್ಕೊಂಡು ಕೂರುತ್ತೆ," ಅಂದ. "ಕಲೊಲೈನೆ ಅಳೆದ್ರೆ ಎದ್ದು ಕುಣಿಯುತ್ತೆ. ಅದಕ್ಕೂ ಯಾರು ಚೆಂದ ಅಂತ ಗೊತ್ತಾಗುತ್ತೆ ಬಿಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ.

ಈಗ, ಕತ್ತಲಲ್ಲಿ, ಲ್ಯಾಪ್‌ಟಾಪ್ ತೆರೆದೆ. ಕಚೇರಿಯಿಂದ ನಮ್ಮ ಮನೆಗೆ ಬೇಲಿಯ ಮೇಲೆಯೇ ತಂತಿ ಎಳೆದಿದೆ. ಹುಂಗಾದ ಯಂತ್ರವನ್ನು ಐಪರ್ಫ್‌ನಿಂದ ಕರೆದೆ. ಬೇರೊಬ್ಬರು ಅಳೆಯುತ್ತಿದ್ದಾರೆ, ಆಮೇಲೆ ಬಾ ಎಂದಿತು. ಅದು ಹಾಗೆಯೇ, ಒಂದು ಸಲಕ್ಕೆ ಒಬ್ಬರ ಜೊತೆ ಮಾತ್ರ ಮಾತಾಡುತ್ತದೆ. ಭಾನುವಾರ ಅಳೆಯುತ್ತಿದ್ದಾಳೆ! ಯಜಮಾನರು ಚರ್ಚಿನ ಹಿರಿಯರು. ಭಾನುವಾರ ದೋಣಿಯ ಎಂಜಿನ್ ಬಿಚ್ಚಿದನೆಂದು ಹೋದ ವರ್ಷ ಒಬ್ಬನನ್ನು ಕೆಲಸದಿಂದಲೇ ಬಿಡಿಸಿದ್ದರು. ನಾನು ಒಂದು ಮಾತು ಹೇಳಿದರೆ ಸಾಕಿತ್ತು.

ಏನು ಅಳೆಯುತ್ತಿದ್ದಾಳೆಂದು ನೋಡಲು ಹುಂಗಾದ ಯಂತ್ರದ ಒಳಹೊಕ್ಕೆ. ಅವಳ ಅಂಕಿಗಳು ನನ್ನ ಕಣ್ಣೆದುರೇ ಇಳಿಯುತ್ತಿದ್ದವು. ಮೂವತ್ತೊಂಬತ್ತು. ನಲವತ್ತು. ಮೂವತ್ತೆಂಟು. ಮುಗಿಯಿತು, ಮತ್ತೆ ಶುರುವಾಯಿತು. ನಲವತ್ತು. ಮತ್ತೆ. ಎಷ್ಟು ಸಲ ಸುರಿದರೂ ಅಷ್ಟೇ.

ಆಗ ನನಗೆ ತೊಂಬತ್ತನಾಲ್ಕು ಎಲ್ಲಿಯದೆಂದು ಹೊಳೆಯಿತು. ನಮ್ಮ ಕಚೇರಿಯ ಮಾಡಿನ ಮೇಲೆ ಒಂದು ರೇಡಿಯೊ ಪೆಟ್ಟಿಗೆ, ಹುಂಗಾದಲ್ಲಿ ಇನ್ನೊಂದು. ಎರಡರ ವಿಳಾಸಕ್ಕೂ ಕೊನೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಮಾಡಿನ ಪೆಟ್ಟಿಗೆಯನ್ನೇ ಅಳೆದು ನೋಡಿದೆ. ತೊಂಬತ್ತನಾಲ್ಕು. ಅದು ಗೋಡೆಯೊಳಗಿನ ತಂತಿಯ ವೇಗ. ಅವಳ ಅಳತೆ ಸಮುದ್ರ ದಾಟಿಯೇ ಇರಲಿಲ್ಲ.

ಕಿಟಕಿಯ ಪರದೆಯ ಸಂದಿನಿಂದ ಮತ್ತೆ ನೋಡಿದೆ. ಕಲೊಲೈನೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು. ಅವಳು ಹಾಗೆ ಕೂತದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ನೋಡುತ್ತ ನಿಲ್ಲಲು ಹಿತವಾಗಿತ್ತು.

ಸೋಮವಾರ ಎಲ್ಲರೂ ಕೂಡಿದಾಗ ಯಜಮಾನರು ಕೀಲಿಯನ್ನು ಮೇಜಿನ ಮೇಲಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಕಲೊಲೈನೆ ಎದ್ದು ನಿಂತಳು. ಅಳತೆಯಲ್ಲಿ ತಾನು ತಪ್ಪಿದ್ದಾಗಿಯೂ, ನಮ್ಮದೇ ಮಾಡಿನ ಪೆಟ್ಟಿಗೆಯನ್ನು ಹುಂಗಾ ಎಂದುಕೊಂಡಿದ್ದಾಗಿಯೂ, ಲುಸಿಯಾನೆಯ ನಲವತ್ತೇ ನಿಜವೆಂದೂ ಹೇಳಿದಳು.

"ಯಾವಾಗ ಗೊತ್ತಾಯ್ತಮ್ಮ?" ಯಜಮಾನರು ಕೇಳಿದರು.

"ಬೆಳಿಗ್ಗೆ, ಸರ್. ಬೇಗ ಬಂದು ಮತ್ತೆ ಅಳೆದೆ."

ಅವರು ನನ್ನ ಕಡೆ ತಿರುಗಿದರು. "ಬಾಗಿಲು ತೆಗೆಯೋಳು ನೀನಲ್ವಾ? ಬೇಗ ಬಂದಿದ್ಲಾ ಇವಳು?"

ಕಲೊಲೈನೆ ನನ್ನತ್ತ ನೋಡಲಿಲ್ಲ. ಸೊಂಟಕ್ಕೆ ಕಟ್ಟಿದ ನಾರಿನ ಕಿಯೆಕಿಯೆಯಿಂದ ಇಳಿಬಿದ್ದ ಎಳೆಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವಳ ಕೆಲಸ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನೀನು ಹೇಗೆ ನೋಡಿದೆ ಎಂದು ಅವರು ಕೇಳುತ್ತಾರೆ. ಹುಂಗಾದ ಯಂತ್ರದಲ್ಲಿ ಭಾನುವಾರ ರಾತ್ರಿ ಒಳಹೊಕ್ಕ ನನ್ನ ಹೆಜ್ಜೆಯ ಗುರುತೂ ಇದೆ.

"ನಾನು ನೋಡಿದಾಗ ಆಗ್ಲೇ ಅಳೀತಾ ಇದ್ಲು, ಸರ್," ಅಂದೆ.

ಯಜಮಾನರು ಕೀಲಿಯನ್ನು ನನ್ನ ಕಡೆ ತಳ್ಳಿದರು. ತಳ್ಳುತ್ತಲೇ ಕಲೊಲೈನೆಯನ್ನು ಹೊಗಳಲು ಶುರು ಮಾಡಿದರು. ಇಂಥ ಪ್ರಾಮಾಣಿಕತೆಯನ್ನು ತಾವು ಈ ಕಚೇರಿಯಲ್ಲಿ ಕಂಡಿಲ್ಲವೆಂದರು, ಮುಂದಿನ ಭಾನುವಾರ ಚರ್ಚಿನಲ್ಲೂ ಇದನ್ನು ಹೇಳುತ್ತೇನೆಂದರು. ತಪ್ಪು ಮಾಡಿದರೂ ಹೀಗೆ ಮಾಡಬೇಕು ಎಂದ ಪೌಲಿಯಾಸಿ. ಕೀಲಿ ನನ್ನ ಮುಷ್ಟಿಯಲ್ಲಿ ಬೆವರುತ್ತಿತ್ತು. ಅದರ ಕಡೆ ಒಬ್ಬರೂ ನೋಡಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಅಮ್ಮನಿಗೂ ಮುಟ್ಟಿತ್ತು. ನಾನು ಕೀಲಿಯನ್ನು ಊಟದ ಮೇಜಿನ ಮೇಲೆ, ಅವಳಿಗೆ ಕಾಣುವಂತೆ ಇಟ್ಟೆ. ಅವಳು ಅದನ್ನು ಸರಿಸಿ ಅಲ್ಲಿ ಬಟ್ಟಲಿಟ್ಟು, ನಿನ್ನೆ ಉಳಿದಿದ್ದ ಲೂ ಬಿಸಿ ಮಾಡಿ ಹಾಕತೊಡಗಿದಳು.

"ಎಂಥ ಹುಡುಗಿ ನೋಡು," ಅಂದಳು. "ಎಲ್ಲರ ಮುಂದೆ ನಿಂತು ಹೇಳಿದ್ಲಂತೆ. ಇದನ್ನ ಅವಳಿಗೆ ಕೊಟ್ಟು ಬಾರೇ, ಆರಿಹೋಗುತ್ತೆ. ನಿನಗೇನು, ನೀನು ಗಟ್ಟಿಗಿತ್ತಿ."

ನಿನ್ನೆ ರಾತ್ರಿ ಅವಳು ಎಲ್ಲಿದ್ದಳು ಗೊತ್ತಾ ಎಂಬ ಮಾತು ಗಂಟಲವರೆಗೆ ಬಂತು. ಅಮ್ಮ ಬಟ್ಟಲಿಗೆ ಬಟ್ಟೆ ಮುಚ್ಚಿ, ಅಂಚುಗಳನ್ನು ಜೋಪಾನವಾಗಿ ಮಡಿಸುತ್ತಿದ್ದಳು. ನಲವತ್ತು, ಮೂವತ್ತೆಂಟು, ಮತ್ತೆ ನಲವತ್ತು ಎಂದು ಇಳಿಯುತ್ತಿದ್ದ ಆ ಸಾಲುಗಳು ನೆನಪಾದವು.

ಬಟ್ಟಲು ಎತ್ತಿಕೊಂಡು ಹೊರಟೆ. ಬೇಲಿಯ ಹತ್ತಿರ ಬರುವಷ್ಟರಲ್ಲಿ ತೀರ್ಮಾನಿಸಿದ್ದೆ: ಆ ರಾತ್ರಿ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ, ಅಮ್ಮನಿಗೂ ಇಲ್ಲ, ಕಲೊಲೈನೆಗೂ ಇಲ್ಲ.