ಟೇಪಿನ ಮೊದಲ ಇಂಚು

ಇಪ್ಪತ್ತಾರು ದಿನಗಳಿಂದ ಟೈಲರಮ್ಮನ ಮುಖವನ್ನು ಸೊಸೆ ತೊಳೆಯುತ್ತಿದ್ದಳು. ಸೊಸೆ ಒಳ್ಳೆಯವಳೇ, ಕೈ ಮಾತ್ರ ಪಾತ್ರೆ ಉಜ್ಜುವ ಕೈ. ಒಂದು ಬಕೆಟ್ಟು, ಒಂದು ಚೊಂಬು, ಒಂದು ಒದ್ದೆ ಬಟ್ಟೆ ಹಿಡಿದು ಮಂಚದ ಬಳಿ ಬಂದಳೆಂದರೆ ಮೂಗು, ಕಿವಿ, ಕತ್ತು ಒಂದೂ ಬಿಡುತ್ತಿರಲಿಲ್ಲ.

"ನಿಧಾನ ಕಣೇ, ಅದು ಮೂಗು, ಬಾಣಲೆ ಹಿಡಿ ಅಲ್ಲ."

"ಅಲ್ಲಾಡಬೇಡಿ ಅತ್ತೆ, ಸೋಪು ಕಣ್ಣಿಗೆ ಹೋಗುತ್ತೆ."

ಬಿದ್ದು ಸೊಂಟದ ಮೂಳೆ ಮುರಿದಾಗ ಟೈಲರಮ್ಮ ಅತ್ತಿರಲಿಲ್ಲ. ಆದರೆ ಹೀಗೆ ಮಗುವಿನ ಹಾಗೆ ಮುಖ ಒಡ್ಡಿ ಕೂರುವಾಗ ದಿನಾ ಬೆಳಿಗ್ಗೆ ಸೋಪು ತಾಗದೆಯೂ ಕಣ್ಣು ತುಂಬುತ್ತಿತ್ತು. ನಲವತ್ತು ವರ್ಷ ಇಡೀ ಬೀದಿಯ ಮೈ ಅಳತೆ ತೆಗೆದ ಹೆಂಗಸು ಅವಳು. ಯಾರ ಹೊಟ್ಟೆ ಎಷ್ಟು ಮುಂದೆ ಬಂದಿದೆ, ಯಾರ ಭುಜ ಎಷ್ಟು ಇಳಿದಿದೆ ಎಂದು ಅವರ ಗಂಡ ಹೆಂಡಿರಿಗಿಂತ ಮೊದಲು ತಿಳಿದವಳು. ಈಗ ನಾಲ್ಕು ಕಾಲಿನ ವಾಕರ್ ಹಿಡಿದು ಬಚ್ಚಲುಮನೆಯವರೆಗೆ ನಡೆಯಬಲ್ಲಳು, ಸ್ಟೂಲಿನ ಮೇಲೆ ಕೂರಬಲ್ಲಳು. ಅಷ್ಟಾಗಿ ಏನು ಬಂತು? ಬೇಸಿನ್ನು ಬಾಗಿಲ ಹಿಂದೆ, ನಿಂತವರ ಎದೆಯೆತ್ತರಕ್ಕೆ ಇತ್ತು. ಅಲ್ಲಿ ಸ್ಟೂಲು ಇಟ್ಟರೆ ಬಾಗಿಲು ತೆರೆಯದು, ಬಾಗಿಲು ತೆರೆದರೆ ಸ್ಟೂಲು ಹಿಡಿಸದು.

ಅದಕ್ಕೇ ಬೇಸಿನ್ನನ್ನು ಎರಡಡಿ ಕಿಟಕಿಯ ಕಡೆಗೆ ಸರಿಸಿ, ಕೆಳಗಿಳಿಸುವುದೆಂದು ತೀರ್ಮಾನವಾಯಿತು. ಹಿಂದಿನ ವಾರ ಪ್ಲಂಬರ್ ಬಂದು ನೋಡಿಹೋಗಿದ್ದ. ತೆಳ್ಳಗಿನ ಆಳು, ಕಿವಿಯ ಮೇಲೆ ಪೆನ್ಸಿಲ್ಲು, ಮಾತು ಜಾಸ್ತಿ.

"ಗೋಡೆಯೊಳಗಿನ ಡ್ರೈನು ಇದ್ದಲ್ಲೇ ಇರಲಿ. ಹೊರಗಿಂದ ಪೈಪ್ ಎಳೆದು ಅದೇ ತೂತಿಗೆ ಸೇರಿಸ್ತೀನಿ, ಗೋಡೆ ಒಡೆಯೋದು ಬೇಡ. ಆದರೆ ಬೇಸಿನ್ ಅಂಚು ನೆಲದಿಂದ ಇಪ್ಪತ್ತೊಂಬತ್ತು ಇಂಚು ಇರಲೇಬೇಕು, ಕೆಳಗೆ ಬೇಡ. ಸಾರ್, ನೀವೇ ಗುರುತು ಹಾಕಿಡಿ, ನಾನು ಬಂದು ಕೂರಿಸ್ತೀನಿ," ಎಂದು ಟೈಲರಮ್ಮನ ಮಗನಿಗೆ ಹೇಳಿದ್ದ.

"ಇಪ್ಪತ್ತೆಂಟು ಆದರೆ ನನ್ನ ಮೊಣಕೈ ಸರಿಯಾಗಿ ಊರುತ್ತಲ್ಲಪ್ಪಾ," ಎಂದಿದ್ದಳು ಟೈಲರಮ್ಮ.

"ನಿಮ್ಮ ಮೊಣಕೈ ಊರುತ್ತೆ ಅಮ್ಮಾ, ನೀರೂ ಅಲ್ಲೇ ಊರಿಬಿಡುತ್ತೆ, ತೂತಿಗೆ ಹರಿಯಲ್ಲ."

ಒಂದು ಇಂಚಿಗೆ ಏನು ಜಗಳ ಎಂದು ಅವಳು ಒಪ್ಪಿದ್ದಳು.

ಈ ದಿನ ಬೆಳಿಗ್ಗೆ ಬ್ರಾಕೆಟ್ಟು ಕೂತಿತು, ಬೇಸಿನ್ನು ಕೂತಿತು. ಪೈಪು ಹಾಕುವ ಮುಂಚೆ ಟೈಲರಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ ನೋಡಿದರು. ಮೊಣಕೈ ಎರಡೂ ಬೇಸಿನ್ನಿನ ಅಂಚಿನ ಮೇಲೆ ತಾವಾಗಿಯೇ ಬಂದು ಕೂತವು. ಇಷ್ಟು ಚೆನ್ನಾಗಿ ಹೊಂದಿದ ಅಂಗಿಯನ್ನು ತಾನೂ ಹೊಲಿದಿರಲಿಲ್ಲ ಎನ್ನಿಸಿತು ಅವಳಿಗೆ. ಕೊನೆಗೂ ನಾಳೆಯಿಂದ ನನ್ನ ಮುಖ ನನ್ನ ಕೈಯಲ್ಲಿ ಎಂದುಕೊಂಡು ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತಳು.

ಹತ್ತೇ ನಿಮಿಷ. ಒಳಗಿಂದ ಪ್ಲಂಬರನ ಮಾತು ನಿಂತುಹೋಯಿತು. ಅವನ ಮಾತು ನಿಂತಿತೆಂದರೆ ಏನೋ ಕೆಟ್ಟಿತೆಂದೇ ಅರ್ಥ.

ಅವನು ಬೇಸಿನ್ನಿನ ಅಡಿಗೆ ಬಾಟಲಿಯಂಥ ಟ್ರ್ಯಾಪು ಸಿಕ್ಕಿಸಿ, ಅಲ್ಲಿಂದ ಗೋಡೆಯ ತೂತಿನವರೆಗೆ ಪೈಪು ಹಿಡಿದು, ಅದರ ಮೇಲೆ ರಸಮಟ್ಟ ಇಟ್ಟಿದ್ದ. ಗಾಜಿನೊಳಗಿನ ಗುಳ್ಳೆ ಗೋಡೆಯ ತೂತಿನ ಕಡೆಗೇ ಓಡಿ ನಿಂತಿತ್ತು. ಅಂದರೆ ತೂತು ಮೇಲೆ, ಟ್ರ್ಯಾಪು ಕೆಳಗೆ.

"ಸಾರ್, ವಾಟ ಉಲ್ಟಾ ಆಗಿದೆ. ಅರ್ಧ ಇಂಚು ಇಳಿಜಾರು ಬೇಕಿತ್ತು, ಅರ್ಧ ಇಂಚು ಏರಿದೆ. ಟ್ರ್ಯಾಪಿನ ಮೇಲಿನ ತುಂಡು ಪೈಪನ್ನ ಎಷ್ಟು ಮೋಟು ಮಾಡಬಹುದೋ ಅಷ್ಟೂ ಮಾಡಿದೀನಿ."

ಮಗ ಔಷಧಿ ಅಂಗಡಿಗೆ ಅರ್ಧ ದಿನ ರಜೆ ಹಾಕಿ ನಿಂತಿದ್ದ, ಮಧ್ಯಾಹ್ನಕ್ಕೆ ಹೋಗಬೇಕಿತ್ತು. "ಆ ಸುಕ್ಕು ಸುಕ್ಕು ಪೈಪ್ ಸಿಗುತ್ತಲ್ಲ, ಅದನ್ನ ಬಗ್ಗಿಸಿ ಹಾಕಿಬಿಡಿ."

"ನೀರಿಗೆ ಬಗ್ಗೋದು ಗೊತ್ತು ಸಾರ್, ಹತ್ತೋದು ಗೊತ್ತಿಲ್ಲ. ಹೊಟ್ಟೆ ಜೋತುಬಿದ್ದು ಕೊಳೆ ನಿಲ್ಲುತ್ತೆ. ಎಂಟು ದಿನಕ್ಕೆ ನಾತ, ಹದಿನೈದು ದಿನಕ್ಕೆ ನಾನು."

"ನಾನು ಇಪ್ಪತ್ತೊಂಬತ್ತಕ್ಕೇ ಗುರುತು ಹಾಕಿದ್ದೆ. ಎರಡು ಸಲ ಅಳೆದಿದೀನಿ. ಕೊರೆಯೋವಾಗ ನೀವೇ ಕೆಳಗೆ ಇಳಿಸಿದೀರಿ."

"ನಿಮ್ಮ ಗುರುತಿನ ಮೇಲೇ ಕೊರೆದಿದ್ದು! ನಿಮ್ಮ ನೆಲವೇ ಡೊಂಕಿರಬೇಕು."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದ ಮಗ.

ಪ್ಲಂಬರನ ಮುಖ ಕೆಂಪಾಯಿತು. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಜೇಬಿಗೆ ಹಾಕಿಕೊಂಡ. "ಆಯ್ತು ಸಾರ್, ನನ್ನದೇ ತಪ್ಪು ಅಂತಿಟ್ಕೊಳ್ಳಿ. ಗೋಡೆ ಒಡೆದು ತೂತನ್ನೇ ಕೆಳಗಿಳಿಸ್ತೀನಿ. ಕೂಲಿ ಬೇಡ, ಹೆಸರು ಉಳಿದರೆ ಸಾಕು. ಈ ಟೈಲ್ಸ್ ಮಾತ್ರ ಈಗ ಎಲ್ಲೂ ಸಿಗಲ್ಲ, ತೇಪೆ ಕಾಣುತ್ತೆ." ಉಳಿಯನ್ನೂ ಸುತ್ತಿಗೆಯನ್ನೂ ಎತ್ತಿಕೊಂಡ.

ಹೊರಗೆ ಟೈಲರಮ್ಮನ ತಲೆಯಲ್ಲಿ ಲೆಕ್ಕ ಓಡಿತು. ಅರ್ಧ ಅರ್ಧ ಸೇರಿದರೆ ಒಂದು. ಸರಿಯಾಗಿ ಒಂದು ಇಂಚು.

ನಿನ್ನೆ ಮಗ "ಅಮ್ಮಾ, ಟೇಪ್ ಎಲ್ಲಿದೆ?" ಎಂದು ಕೇಳಿದ್ದ. "ಹೊಲಿಗೆ ಮಿಷನ್ ಡ್ರಾಯರಲ್ಲಿ ನೋಡೋ," ಎಂದಿದ್ದಳು. ಆ ಟೇಪಿಗೆ ಮೊದಲ ಇಂಚು ಇರಲಿಲ್ಲ. ಐದು ವರ್ಷದವನಿದ್ದಾಗ ಇದೇ ಮಗರಾಯ ಅದರ ತುದಿಯ ಹಿತ್ತಾಳೆ ತಗಡಿನ ಆಸೆಗೆ ಕತ್ತರಿ ಹಾಕಿದ್ದ. ಅಂದಿನಿಂದ ಅವಳು ಓದಿದ ಅಂಕೆಯಿಂದ ಒಂದು ಕಳೆದೇ ಹೇಳುತ್ತಿದ್ದಳು. ಕಳೆದೂ ಕಳೆದೂ, ಕಳೆಯುತ್ತಿದ್ದೇನೆ ಎಂಬುದೇ ಮರೆತುಹೋಗಿತ್ತು. ಅವಳ ಪಾಲಿಗೆ ಆ ಟೇಪು ಎಂದೂ ಮೋಟಾಗಿರಲೇ ಇಲ್ಲ.

ಈಗ ಸುಮ್ಮನಿದ್ದುಬಿಟ್ಟರೆ? ಗೋಡೆ ಒಡೆಯುತ್ತದೆ, ತೂತು ಇಳಿಯುತ್ತದೆ, ಬೇಸಿನ್ನು ಇದ್ದಲ್ಲೇ ಇರುತ್ತದೆ. ಮೊಣಕೈ ಊರಿದ ಆ ಸುಖ ತನಗೇ ಉಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಬಿಟ್ಟರೆ ಬೇಸಿನ್ನು ಮೇಲೆ ಹೋಗುತ್ತದೆ, ಕೈ ಅಂಚಿಗೆ ಊರದು, ಬಗ್ಗಲು ಸೊಂಟ ಕೇಳದು, ಮತ್ತೆ ಬಕೆಟ್ಟು, ಚೊಂಬು, ಸೊಸೆಯ ಬಾಣಲೆ ಕೈ.

ಉಳಿ ಟೈಲ್ಸಿಗೆ ತಾಗಿದ ಸದ್ದು ಕೇಳಿತು. ಹಿಂದೊಮ್ಮೆ ಒಂದು ಪ್ಯಾಂಟು ಗಿಡ್ಡವಾದಾಗ ಗಿರಾಕಿಯೊಬ್ಬ ಅಂಗಡಿಯ ಮುಂದೆ ನಿಂತು ಕೂಗಾಡಿದ್ದ. ಅಳತೆ ಕೊಟ್ಟವನು ಅವನೇ, ಬೈಸಿಕೊಂಡವಳು ಇವಳು. ಆ ಉರಿ ಇನ್ನೂ ಆರಿರಲಿಲ್ಲ.

"ಏ, ನಿಲ್ಲಿಸಪ್ಪಾ!" ಎಂದಳು. "ಲೋ, ಆ ಟೇಪ್ ತಗೊಂಡು ಬಾ ಇಲ್ಲಿ. ತುದಿ ಓದು."

ಮಗ ತಂದು, ಬಿಡಿಸಿ ನೋಡಿದ. "ಒಂದು... ಎರಡು... ಇದೇನಮ್ಮಾ, ತುದಿಯಲ್ಲೇ ಒಂದರ ಗೀಟು ಇದೆ, ಅದರ ಹಿಂದಿನ ಇಂಚೇ ಇಲ್ಲ?"

"ಶುರುವಿನದ್ದು ನಿನ್ನ ಹೊಟ್ಟೆಗೆ ಹೋಯ್ತು. ತಗಡು ನುಂಗಿದೀಯಾ ಅಂತ ಡಾಕ್ಟರ ಹತ್ತಿರ ಹೊತ್ತುಕೊಂಡು ಓಡಿದ್ದೆ, ನೆನಪಿಲ್ವಾ? ಮಾಡಿದ್ದುಣ್ಣೋ ಮಹಾರಾಯ! ಹೇಳದೆ ಕೊಟ್ಟಿದ್ದು ನನ್ನ ತಪ್ಪು. ಅವನದೇನೂ ಇಲ್ಲ."

ಸೊಸೆ ಅಡುಗೆಮನೆಯಿಂದ ಓಡಿ ಬಂದವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಮಗ ಟೇಪು ಮಡಿಸುತ್ತಾ, "ಬೇಜಾರು ಮಾಡ್ಕೋಬೇಡಿ ಅಣ್ಣಾ," ಎಂದ.

"ಬೇಜಾರೇನು ಸಾರ್, ನೆಲ ಡೊಂಕಲ್ಲ ಅಂತ ಗೊತ್ತಾಯ್ತಲ್ಲ," ಎಂದು ಪ್ಲಂಬರ್ ಪೆನ್ಸಿಲ್ಲನ್ನು ಮತ್ತೆ ಕಿವಿಗೇರಿಸಿದ.

ಬ್ರಾಕೆಟ್ಟಿನ ಇನ್ನೊಂದು ಸಾಲಿನ ತೂತು ಹಿಡಿದು, ಅವನು ಬೇಸಿನ್ನನ್ನು ಒಂದಿಂಚು ಏರಿಸಿದ. ರಸಮಟ್ಟದ ಗುಳ್ಳೆ ಈ ಸಲ ಟ್ರ್ಯಾಪಿನ ಕಡೆಗೆ ಬಂತು. ರಬ್ಬರ್ ವಾಶರು ಹಾಕಿ, ಸುತ್ತಿ ಬಿಗಿದು, ಕೆಳಗೆ ಒಣ ಕಾಗದ ಹಾಸಿ ಬೇಸಿನ್ನು ತುಂಬ ನೀರು ಬಿಟ್ಟ. ನೀರು ಒಂದು ಸುತ್ತು ತಿರುಗಿ ಗುಳುಗುಳು ಎಂದು ಇಳಿದುಹೋಯಿತು. ಕಾಗದ ಒಣಗಿಯೇ ಇತ್ತು.

ಟೈಲರಮ್ಮನನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದರು. ಅವಳಂದುಕೊಂಡಂತೆಯೇ ಆಯಿತು. ಭುಜ ಎತ್ತಿದರೆ ಮಾತ್ರ ಮೊಣಕೈ ಅಂಚು ಮುಟ್ಟಿತು, ಎತ್ತಿದರೆ ಸೊಂಟ ಚುಳ್ಳೆಂದಿತು. ಪ್ಲಂಬರ್ ಅವಳ ಭುಜವನ್ನೇ ನೋಡುತ್ತಿದ್ದ.

"ಅಮ್ಮಾ, ಬಟ್ಟೆ ಸಾಲದಿದ್ದರೆ ನೀವೇನು ಮಾಡ್ತೀರಿ?"

"ಅಂಚಿನ ಮಡಿಕೆ ಬಿಚ್ಚಿ ಇಳಿಸ್ತೀವಿ."

"ಹಾಗಾದರೆ ಸ್ಟೂಲಿನ ಮಡಿಕೆ ಇಳಿಸೋಣ." ಚೀಲದಿಂದ ಪೈಪಿನ ಬಾಯಿ ಮುಚ್ಚುವ ನಾಲ್ಕು ದಪ್ಪ ಮುಚ್ಚಳ ತೆಗೆದು, ಒಳಗೆ ರಬ್ಬರ್ ತುಂಡು ತುರುಕಿ, ಸ್ಟೂಲಿನ ನಾಲ್ಕು ಕಾಲಿಗೂ ಬಡಿದು ಕೂರಿಸಿದ. ಎತ್ತರ ಹೆಚ್ಚಿದ್ದು ಎಷ್ಟೆಂದು ಯಾರೂ ಅಳೆಯಲಿಲ್ಲ. ಟೈಲರಮ್ಮ ಕೂತಳು, ಪಾದ ನೆಲ ಮುಟ್ಟಿತು, ಮೊಣಕೈ ಊರಿತು.

ಸೊಸೆ ಅಭ್ಯಾಸಬಲದಿಂದ ಒದ್ದೆ ಬಟ್ಟೆ ಹಿಡಿದು ಮುಂದೆ ಬಂದಳು.

"ಹೊರಗೆ ನಡಿಯೇ. ಬಾಗಿಲು ಎಳ್ಕೊಂಡು ಹೋಗು," ಎಂದಳು ಟೈಲರಮ್ಮ.

ಮೂವರೂ ಹೊರಗೆ ನಿಂತರು. ಒಳಗೆ ನಲ್ಲಿ ತಿರುಗಿತು. ನೀರು ಬಿದ್ದ ಸದ್ದು, ಬೊಗಸೆಯ ಸದ್ದು, ಜೋರಾಗಿ ಮೂಗು ಸೀಟಿದ ಸದ್ದು. ಬಹಳ ಹೊತ್ತಾಯಿತು.

"ಅತ್ತೆ, ಆಯ್ತಾ?"

"ಇನ್ನೂ ಕಿವಿ ಬಾಕಿ ಇದೆ," ಎಂದಿತು ಒಳಗಿನ ದನಿ.