ದೊರೆಗಳ ಗಾಡಿಗೆ ಅರಿಶಿನ

ಎಪ್ಪತ್ತೆಂಟರ ಬೇಸಿಗೆ. ಆಂಜಿನಪ್ಪ ಹಳೆಯ ಇಂಗ್ಲೆಂಡ್ ಕಾರೊಂದನ್ನು ಕೊಂಡು, ಅಕ್ಕ ಚಿಕ್ಕಗಂಗಮ್ಮನನ್ನು ಶ್ರೀನಿವಾಸಪುರದಿಂದ ಕೋಲಾರದಲ್ಲಿದ್ದ ಅವಳ ಮಗಳ ಮನೆಗೆ ಬಿಡಲು ಹೊರಟಿದ್ದ. ಅಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಹಾಕಲೆಂದು ಅವಳು ಉಪ್ಪು, ಖಾರದಪುಡಿ, ಸಾಸಿವೆ, ಅರಿಶಿನ ಎಲ್ಲ ಗಂಟು ಕಟ್ಟಿಕೊಂಡಿದ್ದಳು.

"ಗಂಟು ಸೀಟಿನ ಮೇಲೆ ಇಡಬೇಡಕ್ಕ, ಚರ್ಮಕ್ಕೆ ಘಾಟು ಹಿಡ್ಕೊಳ್ಳುತ್ತೆ. ಜರ್ಮನಿ ಗಾಡಿ ಬರೀ ಗಟ್ಟಿ, ಇಟಲಿ ಗಾಡಿ ಬರೀ ಬಣ್ಣ. ಇದು ದೊರೆಗಳ ಗಾಡಿ. ಅವರು ಖಾರ ಮುಟ್ತಾನೇ ಇರಲಿಲ್ಲ."

ಮೊನ್ನೆಯವರೆಗೆ ಎತ್ತಿನ ಬಾಲ ಮುರಿಯುತ್ತಿದ್ದವನು ಇವತ್ತು ಮೂರು ದೇಶದ ಗಾಡಿಗೆ ಬೆಲೆ ಕಟ್ಟುತ್ತಾನೆ! ಚಿಕ್ಕಗಂಗಮ್ಮ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಸಪ್ಪೆ ತಿಂದೋರ ಗಾಡಿ ಅಂತ್ಲೇ ಏರು ಬಂದ್ರೆ ಕೆಮ್ಮುತ್ತೆ," ಎಂದಳು.

ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಬುಸಬುಸನೆ ಆವಿ ಎದ್ದು ಕಾರು ನಿಂತಿತು. ರೇಡಿಯೇಟರ್ ಸೋರುತ್ತಿತ್ತು. ಹಿಂದೆ ಬಂದ ಲಾರಿ ಡ್ರೈವರ್ ಇಳಿದು ಬಗ್ಗಿ ನೋಡಿದ.

"ಸಣ್ಣ ತೂತು. ತಣ್ಣಗಾದ ಮೇಲೆ ಅರಿಶಿನ ಪುಡಿ ಹಾಕಿ ನೀರು ತುಂಬಿದ್ರೆ ಕಟ್ಕೊಳ್ಳುತ್ತೆ. ನಾವೆಲ್ಲ ಮಾಡೋದೇ ಅದು. ಅರಿಶಿನ ಐತಾ?"

ಆಂಜಿನಪ್ಪ ಅಕ್ಕನ ಗಂಟನ್ನು ನೋಡಿದ. ಅವಳೇ ನಿಧಾನವಾಗಿ ಗಂಟು ಬಿಚ್ಚಿ ಪೊಟ್ಟಣ ಕೊಟ್ಟಳು. ಅರಿಶಿನದ ನೀರು ಕುಡಿದ ಕಾರು ತೆಪ್ಪಗೆ ಹೊರಟಿತು.

ಈಗ ಚಿಕ್ಕಗಂಗಮ್ಮ ಗಂಟನ್ನು ಚರ್ಮದ ಸೀಟಿನ ನಟ್ಟನಡುವೆ ಇಟ್ಟಳು.

"ಗಾಡಿಗೆ ಅರಿಶಿನ ಸಾಕಾಯ್ತು ಕಣೋ. ಉಪ್ಪು ಖಾರ ಉಳಿದೈತೆ, ನೀನು ತಿನ್ನು. ನಾಚಿಕೆನಾದ್ರೂ ಬರುತ್ತೆ."