ಮೇಲಿನ ಹಗ್ಗ

ಸೈನ್ಯಕ್ಕೆ ಸೇರಲು ಬಂದಿದ್ದ ಜಿಗಣೆಗೆ ಜೀವವಿಮೆಯ ಫಾರಂನ ಮೊದಲ ಪುಟ ತುಂಬಲು ಕಷ್ಟವೇನೂ ಆಗಲಿಲ್ಲ. ಎತ್ತರ, ತೂಕ, ರಕ್ತದ ಗುಂಪು ಎಲ್ಲವನ್ನೂ ಸೈನ್ಯದವರೇ ಬೆಳಿಗ್ಗೆ ಅಳೆದು, ಚುಚ್ಚಿ, ಬರೆದುಕೊಟ್ಟಿದ್ದರು. ಎರಡನೇ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ತಾನು ತೀರಿಕೊಂಡರೆ ಹಣ ಯಾರಿಗೆ ಸೇರಬೇಕು ಎಂದು ಅಲ್ಲಿ ಕೇಳಿದ್ದರು. ಹೆಸರು, ಸಂಬಂಧ, ಹುಟ್ಟಿದ ದಿನಾಂಕ.

ಹೆಸರೇನೋ ಗೊತ್ತೇ ಇತ್ತು: ಚಿಕ್ಕಮ್ಮನದು. ಜಿಗಣೆ ಎಂದು ಹೆಸರಿಟ್ಟವಳೂ ಅವಳೇ. ಹೆತ್ತವಳು ತೀರಿಕೊಂಡ ಮೇಲೆ ಅಪ್ಪ ಅವಳನ್ನು ಕಟ್ಟಿಕೊಂಡು ಬಂದ ದಿನ, ಮಗು ಅವಳ ಕಾಲಿಗೆ ಅಂಟಿಕೊಂಡದ್ದು ಬಿಡಲೇ ಇಲ್ಲವಂತೆ. ಅಪ್ಪ ಮಾತ್ರ ಸ್ವಲ್ಪ ದಿನಕ್ಕೇ ಕಂಬಿ ಕಿತ್ತ. ಪುಣ್ಯಾತ್ಮ, ಹೋಗುವಾಗ ಗೋಡೆ ಗಡಿಯಾರವನ್ನೂ ಬಿಡಲಿಲ್ಲ. ಆಮೇಲೆ ಚಿಕ್ಕಮ್ಮ ಎತ್ತರದ ಕಟ್ಟಡಗಳಿಂದ ಹಗ್ಗದಲ್ಲಿ ಜೋತಾಡುತ್ತ, ಕಿಟಕಿ ಗಾಜು ತೊಳೆದು, ಈ ಜಿಗಣೆಯನ್ನು ಸಾಕಿದಳು. ದೊಡ್ಡವಳಾದ ಮೇಲೆ ಜಿಗಣೆಯೂ ಅದೇ ಕೆಲಸಕ್ಕೆ ಸೇರಿದಳು.

ಆ ಕೆಲಸದಲ್ಲಿ ಎರಡು ಹಗ್ಗ. ಒಂದು ಇಳಿಯುವುದಕ್ಕೆ. ಅದು ಕೈಕೊಟ್ಟರೆ ಇರಲಿ ಎಂದು ತಾರಸಿಯ ಮೇಲೆ ಒಬ್ಬರು ಹಿಡಿದು ನಿಲ್ಲುವುದು ಮೇಲಿನ ಹಗ್ಗ. ಅಂಚು ದಾಟುವ ಮುಂಚೆ ಇಳಿಯುವವರು, "ಮೇಲಿನ ಹಗ್ಗ ಯಾರದು?" ಎಂದು ಕೂಗಬೇಕು. ಹಿಡಿದವರು, "ನಂದು, ಇಳಿ!" ಎನ್ನಬೇಕು. ಉತ್ತರ ಬಾರದೆ ಯಾರೂ ಕಾಲು ಹೊರಗಿಡುವುದಿಲ್ಲ. ಇನ್ನೊಂದು ಕಟ್ಟಳೆ, ತಾರಸಿಯ ಮೇಲೆ ಬೀಳುವ, ಸಾಯುವ ಮಾತು ಎತ್ತಕೂಡದು. ಎತ್ತಿದವರನ್ನು ಆ ದಿನ ಮನೆಗೆ ಅಟ್ಟುತ್ತಾರೆ.

"ಚಿಕ್ಕಮ್ಮ ಹುಟ್ಟಿದ ದಿನ ಗೊತ್ತಿಲ್ಲ ಸಾರ್," ಎಂದಳು ಜಿಗಣೆ.

ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರು. "ಇವತ್ತೇ ಪೂರ್ತಿ ಮಾಡ್ಬೇಕಮ್ಮ. ಖಾಲಿ ಬಿಟ್ರೆ ಕಾನೂನು ಪ್ರಕಾರ ನಿಮ್ಮಪ್ಪಂಗೆ ಹೋಗುತ್ತೆ."

"ಅವ್ರು ನಮ್ಮನ್ನ ಬಿಟ್ಟೋಗಿ ಎಷ್ಟೋ ವರ್ಷ ಆಯ್ತು. ದಾರಿನೂ ಮರ್ತಿರ್ತಾರೆ."

"ದುಡ್ಡು ಅಂದ್ರೆ ದಾರಿ ತಾನಾಗೇ ನೆನಪಾಗುತ್ತೆ." ಅವರು ಮೇಜಿನ ಫೋನನ್ನು ಅವಳತ್ತ ತಳ್ಳಿದರು. "ಕೇಳ್ಕೋ. ನಿಂದೇ ವಾಸಿ. ಆ ಹುಡುಗ ಯಾವುದೋ ಹುಡುಗಿ ಹೆಸರು ಬರೆದು, ಸಂಬಂಧ ಅನ್ನೋ ಕಡೆ 'ಇನ್ನೂ ಹೇಳಿಲ್ಲ' ಅಂತ ಹಾಕಿದಾನೆ."

ಹೊಸದಾಗಿ ತಲೆ ಬೋಳಿಸಿಕೊಂಡಿದ್ದ ಹುಡುಗನೊಬ್ಬ ಸಾಲಿನಲ್ಲಿ ಕಿವಿಯವರೆಗೂ ಕೆಂಪಾದ.

ಚಿಕ್ಕಮ್ಮ ಫೋನು ಎತ್ತಿದಾಗ ಹಿಂದೆ ಗಾಳಿ ಭೋರ್ ಎನ್ನುತ್ತಿತ್ತು, ಸೊಂಟಪಟ್ಟಿಯ ಕೊಕ್ಕೆಗಳು ಟಣಟಣ ಎನ್ನುತ್ತಿದ್ದವು. ತಾರಸಿಯ ಮೇಲಿದ್ದಾಳೆ ಎಂದು ಜಿಗಣೆಗೆ ಅಷ್ಟರಲ್ಲೇ ತಿಳಿಯಬೇಕಿತ್ತು. ಆದರೆ ಆತುರ.

"ಚಿಕ್ಕಮ್ಮ, ನೀನು ಹುಟ್ಟಿದ್ದು ಯಾವತ್ತು, ಬೇಗ ಹೇಳು. ನಾನು ಸತ್ರೆ ದುಡ್ಡು ನಿಂಗೆ ಬರೋ ಹಾಗೆ ಬರೀತಿದೀನಿ."

"ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು!" ಚಿಕ್ಕಮ್ಮ ಕಿರುಚಿದಳು. "ನಿನ್ನ ಜೀವದ ದುಡ್ಡಲ್ಲಿ ನಾನು ಹೊಟ್ಟೆ ತುಂಬಿಸ್ಕೋಬೇಕಾ? ಹೆತ್ತೋಳಲ್ಲ ಅಂತ ಜನ ಆಡ್ಕೊಳ್ಳೋದು ಸಾಲ್ದಾ? ನಿಮ್ಮಪ್ಪನ್ನೇ ಹಾಕು. ಎಷ್ಟಂದ್ರೂ ರಕ್ತ ಸಂಬಂಧ."

ಫೋನು ಕಟ್ ಆಯಿತು.

ಜಿಗಣೆಗೆ ಅಳು ಉಕ್ಕಿ ಬಂತು, ಅದರ ಹಿಂದೆಯೇ ಕೋಪವೂ ಬಂತು. ಗಡಿಯಾರ ಕದ್ದವನಿಗೆ ತನ್ನ ಜೀವವನ್ನೂ ಕಟ್ಟಿಕೊಡಬೇಕೇ? ಹಿಂದಿನಿಂದ ಯಾರೋ ಬೂಟು ಕುಟ್ಟಿ ಗೊಣಗಿದರು. ಆಗ ಅವಳು ನಾಲಿಗೆ ಕಚ್ಚಿಕೊಂಡಳು. ತಪ್ಪು ತನ್ನದೇ. ನಾನು ಬಿದ್ದರೆ ನಿನಗೇನು ಸಿಗುತ್ತದೆ ಎಂದು ಹಗ್ಗ ಹಿಡಿದವರನ್ನು ಯಾರಾದರೂ ಕೇಳುತ್ತಾರೆಯೇ? ಅಲ್ಲಿ ಕೇಳುವುದು ಬೇರೆಯೇ ಮಾತು.

"ಸಾರ್, ಇನ್ನೊಂದೇ ಒಂದ್ಸಲ."

ಈ ಸಲವೂ ಚಿಕ್ಕಮ್ಮ ಎತ್ತಿದಳು. ಜಿಗಣೆ ಎದ್ದು ನಿಂತು, ಮಹಡಿ ಮಹಡಿಗೂ ಕೇಳುವ ಹಾಗೆ ಕೂಗಿದಳು:

"ಮೇಲಿನ ಹಗ್ಗ ಯಾರದು?"

ಗುಮಾಸ್ತರ ಪೆನ್ನು ಉರುಳಿ ಕೆಳಗೆ ಬಿತ್ತು. ಆ ಕಡೆಯಿಂದ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ.

"ಅಂಚಲ್ಲಿ ನಿಂತಿದೀನಿ ಚಿಕ್ಕಮ್ಮ. ನೀನು ಹೇಳ್ದೆ ಕಾಲಿಡಲ್ಲ. ಮೇಲಿನ ಹಗ್ಗ ಯಾರದು?"

ಮೂಗು ಏರಿಸಿಕೊಂಡ ಸದ್ದು. ಆಮೇಲೆ ಫೋನಿನ ತೂತೇ ಒಡೆದುಹೋಗುವಂಥ ಕೂಗು.

"ನಂದು! ನಂದು ಕಣೇ! ಬೇರೆ ಯಾರ ಕೈಗಾದ್ರೂ ಕೊಟ್ಟೆಯೋ, ನೋಡ್ಕೋ ಮತ್ತೆ!"

ಸಾಲಿನಲ್ಲಿ ನಿಂತವರಿಗೆ ಹಗ್ಗದ ಕತೆ ಏನು ಗೊತ್ತು? ಆದರೂ ಗೆದ್ದವರ ದನಿ ಎಲ್ಲರಿಗೂ ಗೊತ್ತಾಗುತ್ತದೆ. ಹೋ ಎಂದು ಚಪ್ಪಾಳೆ ತಟ್ಟಿದರು. ಬೋಳು ತಲೆಯ ಹುಡುಗ ಮುಂದೆ ನುಗ್ಗಿ, "ಸಾರ್, ಆಮೇಲೆ ನಂಗೂ ಒಂದು ಫೋನು," ಎಂದ.

"ಹುಟ್ಟಿದ ದಿನ ಮೆಲ್ಲಗೆ ಹೇಳ್ತೀನಿ, ಬರ್ಕೋ," ಎಂದಳು ಚಿಕ್ಕಮ್ಮ. "ಇಲ್ಲಿ ಎಲ್ರಿಗೂ ವಯಸ್ಸು ಕಮ್ಮಿ ಹೇಳಿದೀನಿ."

ಜಿಗಣೆ ನಗುತ್ತಲೇ ಬರೆದುಕೊಂಡಳು. ಗುಮಾಸ್ತರು ಪೆನ್ನು ಎತ್ತಿಕೊಂಡು ಕೇಳಿದರು, "ಸಂಬಂಧ? ಚಿಕ್ಕಮ್ಮ ಅಂತ ತಾನೇ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಫೋನೇ ಉತ್ತರ ಕೊಟ್ಟಿತು. "ತಾಯಿ ಅಂತ ಬರ್ಕೊಳ್ಳಿ ಸಾರ್! ಯಾರಾದ್ರೂ ಕೇಳಿದ್ರೆ ನನ್ ಹತ್ರ ಕಳ್ಸಿ!"

ಗುಮಾಸ್ತರು ಹಾಗೇ ಬರೆದರು. ಸಹಿ ಹಾಕುವ ಜಾಗವನ್ನು ಬೆರಳಿಟ್ಟು ತೋರಿಸಿದರು. ಜಿಗಣೆ ಪೆನ್ನು ಹಿಡಿದಳು, ಆದರೆ ಸಹಿ ಹಾಕಲಿಲ್ಲ. ಫೋನನ್ನು ಕಿವಿಗೆ ಒತ್ತಿಕೊಂಡು ಕಾಯುತ್ತ ನಿಂತಳು. 'ನಂದು' ಎಂಬ ಅರ್ಧ ಉತ್ತರಕ್ಕೆ ಕಾಲು ಹೊರಗಿಡುವ ಪೈಕಿ ಅವಳಲ್ಲ. ಚಿಕ್ಕಮ್ಮನಿಗೂ ಅದು ಗೊತ್ತಿತ್ತು.

"ಇಳಿ, ಮಗಳೇ," ಎಂದಳು. "ಹಿಡ್ಕೊಂಡಿದೀನಿ."